ಕಡಲಿಗೂ ಘಟ್ಟಕ್ಕೂ ನಡುವೆ ಹೋಮರ್ ಪಾರಿವಾಳ

ಪಣಜಿಯಲ್ಲಿ ಬೆಳಿಗ್ಗೆ ಏಳಕ್ಕೆ ಪಾರಿವಾಳಗಳ ಬುಟ್ಟಿ ತೆರೆದರು ಎಂದಿಟ್ಟುಕೊಳ್ಳಿ. ಮಣಿಪಾಲದ ಗೂಡಿಗೆ ಮೊದಲ ಹಕ್ಕಿ 10.50ಕ್ಕೆ ಬಂತು. ಕಾಪುವಿನಲ್ಲಿ 10.55ಕ್ಕೆ ಒಂದು ಇಳಿಯಿತು. ಕಾರ್ಕಳದ್ದು ಮುಟ್ಟುವಾಗ 11.05. ಗೆದ್ದದ್ದು ಕಾರ್ಕಳದ ಹಕ್ಕಿ.

ಈ ಆಟದಲ್ಲಿ ಹೊರಡುವ ಜಾಗ ಎಲ್ಲರಿಗೂ ಒಂದೇ, ಮುಟ್ಟುವ ಜಾಗ ಮಾತ್ರ ಅವರವರ ಮನೆಯ ಗೂಡು. ಹಾಗಾಗಿ ಯಾರದು ಮೊದಲು ಬಂತು ಎಂದು ನೋಡಿದರೆ ಸಾಲದು. ನೇರ ದೂರವನ್ನು ಹಿಡಿದ ಸಮಯದಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಎಂದು ಲೆಕ್ಕ ತೆಗೆಯುತ್ತಾರೆ. ಪಣಜಿಯಿಂದ ಆಕಾಶಮಾರ್ಗದಲ್ಲಿ ಮಣಿಪಾಲ ಸುಮಾರು 258 ಕಿ.ಮೀ., ಕಾಪು 268, ಕಾರ್ಕಳ 281. ಮಣಿಪಾಲದ ಹಕ್ಕಿಯ ವೇಗ ನಿಮಿಷಕ್ಕೆ 1122 ಮೀಟರ್, ಕಾಪುವಿನದ್ದು 1140, ಕಾರ್ಕಳದ್ದು 1147. ಗಂಟೆಗೆ ಸರಿಸುಮಾರು 69 ಕಿ.ಮೀ. ಆಯಿತು. ಹೋಮರ್ ಪಾರಿವಾಳಕ್ಕೆ ಇದು ಸಾಧಾರಣ ವೇಗವೇ. ಹಿಂದಿನಿಂದ ಗಾಳಿ ಸಿಕ್ಕಿದ ದಿನ ನೂರು ದಾಟುವುದೂ ಉಂಟು.

ಗೂಡಿನ ಮೇಲೆಯೇ ಗಂಟೆಗಟ್ಟಲೆ ಸುತ್ತುವ ಟಿಪ್ಲರ್ ಜಾತಿಯದ್ದು ಬೇರೆ ಆಟ. ಅಲ್ಲಿ ಎಷ್ಟು ಹೊತ್ತು ಆಕಾಶದಲ್ಲಿ ನಿಂತಿತು ಎಂಬುದು ಲೆಕ್ಕ. ಹೋಮರಿಗೆ ಊರು ಬಿಟ್ಟು ಕೊಂಡೊಯ್ದ ಮೇಲೆ ಮನೆಗೆ ಮರಳುವುದೊಂದೇ ಕೆಲಸ. ಬೆಂಗಳೂರು, ಚೆನ್ನೈಗಳಲ್ಲಿ ಇದಕ್ಕೆಂದೇ ಕ್ಲಬ್ಬುಗಳಿವೆ. ಬೆಂಗಳೂರಿನವರಿಗೆ ನಾಲ್ಕೂ ದಿಕ್ಕಿಗೆ ಬಯಲು. ಉಡುಪಿ ಕಡೆಯ ನಮಗೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಘಟ್ಟ, ನಡುವೆ ಒಂದು ಸಪುರ ಪಟ್ಟಿ. ಮಳೆಗಾಲವೆಂದರೆ ನಾಲ್ಕು ತಿಂಗಳು ಬಿಡದ ಮಳೆ. ಆದ್ದರಿಂದ ಹೊರಗಿನ ಪುಸ್ತಕದ ಕ್ರಮವನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದರೆ ನಡೆಯುವುದಿಲ್ಲ.

ದೂರದ ಹಾರಾಟದ ತಯಾರಿ ಎಂದ ಕೂಡಲೇ ಹೊಸಬರಿಗೆ ಹೊಳೆಯುವುದು ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ದೂರ ಹೋಗಿ ಬಿಡುವುದು. ನನ್ನ ಅಭಿಪ್ರಾಯದಲ್ಲಿ ಅದು ಕಾಲು ಭಾಗ ಕೆಲಸ. ಉಳಿದ ಮುಕ್ಕಾಲು ಗೂಡಿನಲ್ಲೇ ನಡೆಯಬೇಕು. ಮರಳಿ ಬರಬೇಕು ಅನ್ನಿಸುವಂಥ ಜಾಗ ಇಲ್ಲದಿದ್ದರೆ ಎಂಥ ಬೆಲ್ಜಿಯಂ ರಕ್ತದ ಹಕ್ಕಿಯೂ ದಾರಿಯಲ್ಲಿ ಸಿಕ್ಕಿದ ಅಕ್ಕಿ ಮಿಲ್ಲಿನ ಮಾಡಿನ ಮೇಲೆ ಸಂಸಾರ ಹೂಡುತ್ತದೆ.

ಗೂಡಿನ ಮುಖ ಪೂರ್ವಕ್ಕಿರಲಿ. ಬೆಳಗಿನ ಬಿಸಿಲು ಒಳಗೆ ಬೀಳುತ್ತದೆ. ಜೂನ್‌ನಿಂದ ನೈರುತ್ಯದ ಮಳೆ ಹೊಡೆಯುವುದು ಬೆನ್ನಿಗೆ. ಮುರಕಲ್ಲಿನ ಅಡಿಪಾಯ, ನೆಲದಿಂದ ಎರಡು ಮೂರು ಅಡಿ ಎತ್ತರದ ಹಲಗೆ, ಹಂಚಿನ ಮಾಡು. ಮುಂದಿನ ಗೋಡೆಗೆ ಅಡಿಕೆ ಮರದ ದಬ್ಬೆ ಬಡಿದರೆ ಗಾಳಿಯೂ ಆಡುತ್ತದೆ, ಖರ್ಚೂ ಕಡಿಮೆ. ಶೀಟು ಹಾಸಿದ ಮಾಡಿನಡಿ ಮಾರ್ಚಿನ ಮಧ್ಯಾಹ್ನ ಹಕ್ಕಿ ಬಾಯಿ ತೆರೆದು ಏದುತ್ತ ಕೂರುತ್ತದೆ. ಹಂಚು ಅಷ್ಟು ಕಾಯುವುದಿಲ್ಲ. ಕೇರೆ ಹಾವು, ಇಲಿ, ಬೆಕ್ಕು, ಮುಂಗುಸಿ ನುಸುಳದಂತೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ಒಂದು ರಾತ್ರಿ ಬೆಕ್ಕು ಹೊಕ್ಕ ಗೂಡಿಗೆ ಉಳಿದ ಹಕ್ಕಿಗಳು ವಾರಗಟ್ಟಲೆ ಇಳಿಯಲು ಹೆದರುತ್ತವೆ. ಹಕ್ಕಿ ಒಳಗೆ ಬರುವ ಕಿಂಡಿಗೆ ಟ್ರ್ಯಾಪ್ ಎನ್ನುತ್ತಾರೆ. ಮೇಲಿನಿಂದ ತೂಗುಬಿಟ್ಟ ಕಂಬಿಗಳು ಒಳಗಡೆಗೆ ಮಾತ್ರ ಸರಿಯುತ್ತವೆ. ಒಳಗೆ ಬಂದ ಹಕ್ಕಿ ತಾನಾಗಿ ಹೊರಗೆ ಹೋಗಲಾರದು.

ಬೆಳೆದ ಹಕ್ಕಿಯನ್ನು ದುಡ್ಡು ಕೊಟ್ಟು ತಂದು ಹಾರಿಸುತ್ತೇನೆಂದರೆ ಆಗುವುದಿಲ್ಲ. ಬಾಗಿಲು ತೆರೆದ ದಿನವೇ ಅದು ಮಾರಿದವನ ಮನೆ ಸೇರುತ್ತದೆ. ಅಂಥದ್ದನ್ನು ಒಳಗೇ ಇಟ್ಟು ಮರಿ ಮಾಡಿಸಬೇಕು, ಹಾರಿಸುವುದು ಆ ಮರಿಗಳನ್ನು. ಮೊಟ್ಟೆ ಎರಡು, ಗಂಡು ಹೆಣ್ಣು ಸರದಿಯಲ್ಲಿ ಕೂತು 17–18 ದಿನಕ್ಕೆ ಒಡೆಸುತ್ತವೆ. ಮೊದಲ ದಿನಗಳಲ್ಲಿ ಮರಿಗೆ ಸಿಗುವುದು ತಂದೆತಾಯಿ ಇಬ್ಬರ ಗಂಟಲ ಚೀಲದಲ್ಲೂ ಊರುವ ಗಟ್ಟಿ ಹಾಲು. ಮರಿಗೆ ಏಳೆಂಟು ದಿನವಾದಾಗ ರಿಂಗ್ ತೊಡಿಸುತ್ತಾರೆ. ಮುಂದಿನ ಮೂರು ಬೆರಳನ್ನು ಒಟ್ಟು ಹಿಡಿದು ಬಳೆಯೊಳಗೆ ತೂರಿಸಿ, ಹಿಂಬೆರಳನ್ನು ಕಾಲಿಗೆ ಒತ್ತಿಹಿಡಿದು ಬಳೆ ಮೇಲೆ ಸರಿಸಿ, ಕೊನೆಗೆ ಹಿಂಬೆರಳನ್ನು ಮೆಲ್ಲನೆ ಹೊರಗೆ ಎಳೆದರೆ ಮುಗಿಯಿತು. ಎರಡು ಮೂರು ದಿನ ತಡವಾದರೆ ಪಾದ ದಪ್ಪವಾಗಿ ಹೋಗುವುದಿಲ್ಲ, ಬೇಗ ಹಾಕಿದರೆ ಕಳಚಿ ಬೀಳುತ್ತದೆ. ಜೋಡಣೆ ಇಲ್ಲದ ಈ ಬಳೆಯ ಮೇಲಿನ ಇಸವಿ ಮತ್ತು ಸಂಖ್ಯೆ ಹಕ್ಕಿಯ ಜನ್ಮಪತ್ರ. ಬೆಳೆದ ಕಾಲಿಗೆ ಇನ್ನೊಂದನ್ನು ತೊಡಿಸಿ ಮೋಸ ಮಾಡುವಂತಿಲ್ಲ.

ನಾಲ್ಕು ವಾರಕ್ಕೆ ಮರಿ ತಾನೇ ಕಾಳು ಹೆಕ್ಕುತ್ತದೆ. ಆಗ ಅದನ್ನು ಮಾಡಿನ ಮೇಲಿನ ಜಾಲರಿ ಪೆಟ್ಟಿಗೆಯಲ್ಲಿ ದಿನಾ ಸ್ವಲ್ಪ ಹೊತ್ತು ಕೂರಿಸಬೇಕು. ತೆಂಗಿನ ತಲೆ, ಟವರು, ಪಕ್ಕದ ಮನೆಯ ನೀರಿನ ಟ್ಯಾಂಕು, ಎಲ್ಲವನ್ನೂ ಕತ್ತು ಓರೆಮಾಡಿ ನೋಡುತ್ತದೆ. ಹೊರಗೆ ಬಿಡುವುದು ಸಂಜೆ, ಹೊಟ್ಟೆ ಖಾಲಿ ಇದ್ದಾಗ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಒಂದೇ ಬಗೆಯ ಸಿಳ್ಳೆ ಹಾಕಿ ಒಳಗೆ ಕರೆಯುವ ಅಭ್ಯಾಸ ಅಂದೇ ಶುರುವಾಗಬೇಕು. 250 ಕಿಲೋಮೀಟರ್ ಹಾರಿ ಬಂದ ಹಕ್ಕಿ ಮಾಡಿನ ಮೇಲೆ ಕೂತು ಗರಿ ನೀವಿಕೊಳ್ಳುತ್ತ ಹತ್ತು ನಿಮಿಷ ಕಳೆದರೆ ಬಹುಮಾನ ಹೋದಂತೆಯೇ. ಟ್ರ್ಯಾಪ್ ದಾಟುವವರೆಗೂ ಅದು ಬಂದ ಲೆಕ್ಕಕ್ಕಿಲ್ಲ.

ಹಕ್ಕಿಗೆ ದಾರಿ ತಿಳಿಯುವುದು ಹೇಗೆ? ಜರ್ಮನಿಯ ಗುಸ್ತಾವ್ ಕ್ರಾಮರ್ 1950ರ ದಶಕದಲ್ಲಿ ಈ ಪ್ರಶ್ನೆಯನ್ನು ಎರಡಾಗಿ ಒಡೆದರು. ಮನೆ ಇಲ್ಲಿಂದ ಯಾವ ಕಡೆ ಎಂಬುದಕ್ಕೆ ನಕ್ಷೆ ಬೇಕು. ಆ ಕಡೆಗೆ ತಿರುಗಲು ದಿಕ್ಸೂಚಿ ಬೇಕು. ಬಿಸಿಲಿರುವಾಗ ದಿಕ್ಸೂಚಿ ಸೂರ್ಯ. ದೀಪದ ಬೆಳಕಿನಲ್ಲಿಟ್ಟು ಹಕ್ಕಿಯ ಮೈಯೊಳಗಿನ ಗಡಿಯಾರವನ್ನು ಆರು ಗಂಟೆ ತಪ್ಪಿಸಿ ಬಿಟ್ಟರೆ ಅದು ಸುಮಾರು 90 ಡಿಗ್ರಿ ವಾರೆಯಾಗಿ ಹೊರಡುತ್ತದೆ. ಮೋಡ ಮುಚ್ಚಿದ ದಿನ ಭೂಮಿಯ ಕಾಂತಶಕ್ತಿ ನೆರವಿಗೆ ಬರುತ್ತದೆ ಎಂಬುದಕ್ಕೆ ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಪುರಾವೆ ಕೊಟ್ಟರು: ಬೆನ್ನಿಗೆ ಅಯಸ್ಕಾಂತ ಅಂಟಿಸಿದ ಹಕ್ಕಿಗಳು ಮೋಡದ ದಿನ ದಿಕ್ಕುಗೆಟ್ಟವು, ಹಿತ್ತಾಳೆ ಅಂಟಿಸಿದವು ಸರಿಯಾಗಿ ಹೊರಟವು. ನಕ್ಷೆಯ ವಿಚಾರ ಇನ್ನೂ ಸೋಜಿಗದ್ದು. ಇಟಲಿಯ ಪೀಸಾದಲ್ಲಿ ಫ್ಲೋರಿಯಾನೊ ಪಾಪಿ ತಂಡದವರು 1972ರಲ್ಲಿ, ಮೂಗಿನ ನರ ಕಡಿದ ಪಾರಿವಾಳಗಳಿಗೆ ಹೊಸ ಜಾಗದಿಂದ ಮನೆಯ ದಿಕ್ಕು ಸಿಗುವುದಿಲ್ಲ ಎಂದು ತೋರಿಸಿದರು. ಗೂಡಿನಲ್ಲಿ ಕೂತಿರುವಾಗಲೇ ಯಾವ ಕಡೆಯ ಗಾಳಿ ಯಾವ ವಾಸನೆ ತರುತ್ತದೆ ಎಂದು ಮರಿ ಕಲಿಯುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪದೆ ಜಗಳಾಡಿದ ವಿಜ್ಞಾನಿಗಳೂ ಇದ್ದಾರೆ. ಆದರೆ ಸುತ್ತ ಗಾಳಿ ತಡೆದು ಬೆಳೆಸಿದ ಮರಿಗಳು ದಿಕ್ಕು ಹಿಡಿಯುವುದರಲ್ಲಿ ಹಿಂದೆ ಬಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ. ಸಾಕುವವನಿಗೆ ಇದರಲ್ಲಿ ಪಾಠವಿದೆ. ಮಳೆಗೆ ಹೆದರಿ ನಾಲ್ಕೂ ಕಡೆ ಟಾರ್ಪಾಲು ಬಿಗಿಯಬೇಡಿ. ನಮ್ಮಲ್ಲಿ ಹಗಲು ಕಡಲ ಕಡೆಯಿಂದ, ರಾತ್ರಿ ಬೆಳಗ್ಗೆ ಘಟ್ಟದ ಕಡೆಯಿಂದ ಗಾಳಿ ಬೀಸುತ್ತದೆ; ಎರಡೂ ಗೂಡಿನೊಳಗೆ ಸುಳಿಯಲಿ.

ಮನೆಗೆ ಹತ್ತಿರ ಬಂದ ಮೇಲೆ ಕಣ್ಣೇ ಮುಖ್ಯ. 2004ರಲ್ಲಿ ರೋಮ್ ಸುತ್ತಮುತ್ತ ಜಿಪಿಎಸ್ ಕಟ್ಟಿ ಹಾರಿಸಿದ ಪಾರಿವಾಳಗಳು ಹೆದ್ದಾರಿ, ರೈಲುಹಳಿಗಳ ಮೇಲೇ ಬಂದದ್ದು ದಾಖಲಾಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಮರವಂತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಉತ್ತರದಿಂದ ಬರುವ ಹಕ್ಕಿಗೆ ಇದಕ್ಕಿಂತ ಸ್ಪಷ್ಟವಾದ ಗೆರೆ ಬೇಕೆ?

ಹಾಗಾಗಿ ಉಡುಪಿ ಕಡೆಯವರಿಗೆ ಉತ್ತರದ ಕರಾವಳಿ ಸಾಲೇ ಒಳ್ಳೆಯದು. ಅಭ್ಯಾಸಕ್ಕೆಂದು ಕೊಂಡೊಯ್ದು ಬಿಡುವುದಕ್ಕೆ ಟಾಸ್ ಎನ್ನುತ್ತಾರೆ. ಮೊದಲ ಟಾಸ್ ಬ್ರಹ್ಮಾವರ, ಗೂಡಿನಿಂದ ಹತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಕೋಟ, ಕುಂದಾಪುರ, ಬೈಂದೂರು, ಭಟ್ಕಳ. ಭಟ್ಕಳಕ್ಕೆ ನೇರ ದೂರ ಸುಮಾರು 73 ಕಿ.ಮೀ. ಪ್ರತಿ ಜಾಗದಿಂದ ಎರಡು ಮೂರು ಸಲ ಬಿಡಬೇಕು. ಹಿಂದಿನದರಿಂದ ಸಲೀಸಾಗಿ ಬಂದ ಮೇಲೆಯೇ ಮುಂದಿನದು. ಆಮೇಲೆ ಹೊನ್ನಾವರ 109, ಕಾರವಾರ 175, ಪಣಜಿ. ಕಾರವಾರದಿಂದಾಚೆ ಬಿಟ್ಟ ಹಕ್ಕಿ ಶರಾವತಿ, ಅಘನಾಶಿನಿ, ಕಾಳಿಯ ಅಳಿವೆಗಳ ಮೇಲೆ ಹಾರಿ ಬರಬೇಕು. ಪಾರಿವಾಳಕ್ಕೆ ಅಗಲವಾದ ನೀರಿನ ಮೇಲೆ ಹಾರುವುದೆಂದರೆ ಅಷ್ಟಕ್ಕಷ್ಟೆ. ಕೆಲವು ಒಳನಾಡಿಗೆ ತಿರುಗಿ ಸುತ್ತುಹಾಕುತ್ತವೆ.

ಟಾಸ್‌ಗೆ ಮೊದಲು ಬುಟ್ಟಿಯ ಅಭ್ಯಾಸವಾಗಬೇಕು. ಒಂದೆರಡು ರಾತ್ರಿ ಗೂಡಿನಲ್ಲೇ ಬುಟ್ಟಿಯೊಳಗೆ ಮಲಗಿಸಿ, ಹೊರಗೆ ಸಿಕ್ಕಿಸಿದ ದೋಣಿಯಿಂದ ಕತ್ತು ಹಾಕಿ ನೀರು ಕುಡಿಯುವುದನ್ನು ಕಲಿಸಿ. ಇದನ್ನು ಕಲಿಯದ ಹಕ್ಕಿ ದೂರದ ರೇಸಿಗೆ ಲಾರಿಯಲ್ಲಿ ರಾತ್ರಿಯಿಡೀ ಬಾಯಾರಿ ಹೋಗಿ, ಹೊರಡುವ ಮೊದಲೇ ಸೋತಿರುತ್ತದೆ. ಜಾಗ ಮುಟ್ಟಿದ ಕೂಡಲೇ ಬಿಡಬಾರದು. ಕಾಲು ಗಂಟೆ, ಅರ್ಧ ಗಂಟೆ ಬುಟ್ಟಿಯನ್ನು ನೆಲಕ್ಕಿಟ್ಟು ಆಕಾಶ ನೋಡಲು ಬಿಡಿ. ಮೊದಮೊದಲು ಹಿಂಡಾಗಿ, ಆಮೇಲೆ ನಾಲ್ಕೈದರ ಗುಂಪು, ಕೊನೆಗೆ ಒಂದೊಂದಾಗಿ. ಹಿಂಡಿನಲ್ಲಿ ಯಾವುದೋ ಒಂದು ದಾರಿ ತೋರಿಸುತ್ತದೆ, ಉಳಿದವು ಹಿಂಬಾಲಿಸುತ್ತವೆ. ಒಂಟಿಯಾಗಿ ಬಿಟ್ಟಾಗಲೇ ಯಾವುದಕ್ಕೆ ತಲೆ ಇದೆ ಎಂದು ಗೊತ್ತಾಗುವುದು.

ಪೂರ್ವದ ಸಾಲು, ಅಂದರೆ ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಕಷ್ಟದ್ದು. ಶಿವಮೊಗ್ಗ ನೇರ ದೂರದಲ್ಲಿ 110 ಕಿಲೋಮೀಟರಿನಷ್ಟೇ, ಆದರೆ ನಡುವೆ ದಟ್ಟ ಕಾಡು, ಬೆಳಗಿನ ಮಂಜು. ಆರುನೂರು ಮೀಟರಿಗೂ ಎತ್ತರದ ಆಗುಂಬೆಯ ಅಂಚಿನಿಂದ ಹಕ್ಕಿ ಒಮ್ಮೆಲೇ ಕೆಳಗಿನ ಬಯಲಿಗೆ ಇಳಿಯಬೇಕು. ಕಾರ್ಕಳದವರ ಗೂಡು ಘಟ್ಟದ ಬುಡಕ್ಕೇ ಇರುವುದರಿಂದ ಅವರ ಮರಿಗಳಿಗೆ ಆ ಗುಡ್ಡಗಳ ಸಾಲು ಹುಟ್ಟಿನಿಂದ ಪರಿಚಯ. ಕಾಪುವಿನ ಕಡಲತೀರದ ಗೂಡಿಗೆ ಆ ಅನುಕೂಲ ಇಲ್ಲ. ಅಲ್ಲಿನ ಹಕ್ಕಿಗೆ ತೀರದ ಸಾಲು ಸುಲಭ. ಮಣಿಪಾಲದ್ದು ಎತ್ತರದ ಜಾಗ, ದೂರದಿಂದಲೇ ಕಾಣುತ್ತದೆ. ಆದರೆ ಬಹುಮಹಡಿ ಕಟ್ಟಡಗಳ ಗಾಜಿಗೆ, ವಿದ್ಯುತ್ ತಂತಿಗೆ ಬಡಿದುಕೊಳ್ಳುವ ಭಯ.

ಗಾಳಿಯ ಲೆಕ್ಕವನ್ನು ಮೀನುಗಾರರಿಂದ ಕಲಿಯಬೇಕು. ಚಳಿಗಾಲದ ಬೆಳಗ್ಗೆ ಭೂಮಿಯ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಅದು ಜೋರಿದ್ದ ದಿನ ಮರಿಗಳು ತೇಲಿಕೊಂಡು ಸಮುದ್ರದ ಮೇಲಕ್ಕೆ ಹೋಗಬಹುದು, ಆಯಾಸವಾದರೆ ಇಳಿಯಲು ದೋಣಿಯೇ ಗತಿ. ಮಧ್ಯಾಹ್ನದ ಕಡಲಗಾಳಿ ಒಳಕ್ಕೆ ತಳ್ಳುತ್ತದೆ. ಹಾಗಾಗಿ ಹೊಸ ಮರಿಗಳನ್ನು ಸಮುದ್ರದ ಅಂಚಿನಲ್ಲಿ ಬಿಡದೆ ಹೆದ್ದಾರಿಯ ಪೂರ್ವಕ್ಕೆ ಎರಡು ಮೂರು ಕಿಲೋಮೀಟರ್ ಒಳಗಿನ ಗದ್ದೆ ಬಯಲಲ್ಲಿ ಬಿಡುವುದು ವಾಸಿ. ಮಂಜು ಕರಗದೆ, ಮಳೆಮೋಡ ಸರಿಯದೆ ಬಾಗಿಲು ತೆರೆಯಲೇಬಾರದು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಡೇಗೆ, ಇಲ್ಲಿಯದೇ ಗಿಡುಗ ಎರಡಕ್ಕೂ ಪಾರಿವಾಳ ಎಂದರೆ ಇಷ್ಟ. ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಬಿಟ್ಟರೆ ಗಿಡುಗನೂ ಆ ಹೊತ್ತಿಗೆ ಬಂದು ಕಾಯುತ್ತದೆ.

ವರ್ಷದ ಲೆಕ್ಕ ಹೀಗೆ. ಮಳೆಗಾಲದಲ್ಲಿ ಹಳೆ ಗರಿ ಉದುರಿ ಹೊಸದು ಬರುತ್ತದೆ. ರೆಕ್ಕೆಯ ಹತ್ತು ಮುಖ್ಯ ಗರಿಗಳು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬೀಳುತ್ತವೆ. ಹತ್ತನೆಯದು ಪೂರ್ತಿ ಬೆಳೆಯದ ಹಕ್ಕಿಯನ್ನು ದೂರ ಕಳುಹಿಸಿದರೆ ಕೈಯಾರೆ ಕಳೆದುಕೊಂಡಂತೆ. ದೀಪಾವಳಿ ಕಳೆದ ಮೇಲೆ ತರಬೇತಿ, ಸಂಕ್ರಾಂತಿಯ ನಂತರ ದೂರದ ಹಾರಾಟ, ಬಿಸುವಿಗೆ ಮೊದಲು ಎಲ್ಲ ಮುಕ್ತಾಯ. ಏಪ್ರಿಲ್ ಸೆಕೆಯಲ್ಲಿ 300 ಕಿಲೋಮೀಟರ್ ಹಾರಿಸುವುದು ಶೌರ್ಯವಲ್ಲ, ಹಿಂಸೆ.

ಒಂದು ಹಕ್ಕಿಗೆ ದಿನಕ್ಕೆ 30–35 ಗ್ರಾಂ ಕಾಳು ಸಾಕು. ಮೆಕ್ಕೆಜೋಳ, ಗೋಧಿ, ಭತ್ತ, ಸಜ್ಜೆ, ಬಟಾಣಿ, ಹೆಸರು, ಸ್ವಲ್ಪ ಹುರುಳಿ. ಹತ್ತಿರದ ಹಾರಾಟಕ್ಕೆ ಇಷ್ಟೇ. ದೂರಕ್ಕೆ ಹೋಗುವ ಹಕ್ಕಿ ಉರಿಸುವುದು ಮುಖ್ಯವಾಗಿ ಮೈಯ ಕೊಬ್ಬನ್ನು. ಆದ್ದರಿಂದ ವಾರದ ಆರಂಭದಲ್ಲಿ ಭತ್ತ, ಗೋಧಿ ಹೆಚ್ಚಿಟ್ಟು ಮೈ ಹಗುರ ಮಾಡಿ, ಬುಟ್ಟಿಗೆ ಹಾಕುವ ಕೊನೆಯ ಮೂರು ದಿನ ಮೆಕ್ಕೆಜೋಳ ಏರಿಸಿ, ಮೇಲೊಂದಿಷ್ಟು ನೆಲಗಡಲೆ ಬೀಜ ಕೊಡುತ್ತಾರೆ. ನಮ್ಮ ಹವೆಗೆ ಕಾಳು ಬೇಗ ಬೂಷ್ಟು ಹಿಡಿಯುತ್ತದೆ. ಮೂಸಿ ನೋಡಿ ಮುಗ್ಗು ವಾಸನೆ ಬಂದರೆ ಬಿಸಾಡುವುದೇ. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಕಲ್ಲುಹರಳು ಬೇಕು, ಮೊಟ್ಟೆಗೆ ಸುಣ್ಣ ಬೇಕು. ಪೇಟೆಯ ಗ್ರಿಟ್ ಪೊಟ್ಟಣಕ್ಕೆ ದುಡ್ಡು ಸುರಿಯುವ ಬದಲು ಮರುವಾಯಿ ಸಾರು ಮಾಡಿದ ದಿನ ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿಡಿ. ಸುಟ್ಟ ಇಟ್ಟಿಗೆ ಚೂರು, ಚಿಟಿಕೆ ಉಪ್ಪು ಸೇರಿಸಿದರೆ ಆಯಿತು.

ಹಕ್ಕಿ ತಯಾರಿದೆಯೋ ಇಲ್ಲವೋ ಎಂದು ಕೈಯಲ್ಲಿ ಹಿಡಿದು ಹೇಳಬೇಕು. ಎದೆಯ ಮೂಳೆಯ ಎರಡೂ ಬದಿ ಮಾಂಸ ತುಂಬಿ ಉಬ್ಬಿರಬೇಕು, ಆದರೂ ಕೈಗೆ ಹಗುರ ಅನ್ನಿಸಬೇಕು. ಎದೆಯ ಗರಿ ಊದಿ ಸರಿಸಿದರೆ ಚರ್ಮ ಗುಲಾಬಿ ಬಣ್ಣಕ್ಕಿರಬೇಕು; ನೀಲಿಗಪ್ಪಾದರೆ ದಣಿವಿದೆ ಎಂದರ್ಥ. ಕೊಕ್ಕಿನ ಮೇಲಿನ ಉಬ್ಬು ಬಿಳಿಯಾಗಿ ಒಣಗಿರಬೇಕು. ಹಿಕ್ಕೆ ಸಣ್ಣ ಉಂಡೆ, ಮೇಲೆ ಬಿಳಿ ಚುಕ್ಕೆ. ಹಸಿರಾಗಿ ನೀರಾದರೆ ಆ ವಾರದ ಹಾರಾಟ ಬಿಡಿ.

ಮೈ ತಯಾರಾದರೂ ಮನೆಯ ಸೆಳೆತ ಬೇಕಲ್ಲ. ಕಾವಿಗೆ ಕೂತು ಹತ್ತು ದಿನವಾದ ಹೆಣ್ಣು, ಪುಟ್ಟ ಮರಿಗೆ ಉಣಿಸುತ್ತಿರುವ ತಾಯಿ, ಇವು ಸಾಮಾನ್ಯಕ್ಕಿಂತ ಜೋರಾಗಿ ಬರುತ್ತವೆ. ಇನ್ನೊಂದು ವಿಡೋಹುಡ್ ಕ್ರಮ. ವಾರವಿಡೀ ಗಂಡು ಹೆಣ್ಣುಗಳನ್ನು ಬೇರೆ ಇಟ್ಟು, ಬುಟ್ಟಿಗೆ ಹಾಕುವ ಮೊದಲು ಸ್ವಲ್ಪ ಹೊತ್ತು ಮುಖ ತೋರಿಸಿ ಕಳುಹಿಸುತ್ತಾರೆ. ಬಂದ ಗಂಡಿಗೆ ಗೂಡಿನಲ್ಲಿ ಜೊತೆಗಾತಿ ಸಿಗಬೇಕು. ಬಂದಾಗ ಅವಳು ಇಲ್ಲದಿದ್ದರೆ ಮುಂದಿನ ವಾರ ಅದಕ್ಕೇನು ಅವಸರ?

ವಯಸ್ಸಿಗೆ ಮೀರಿ ದೂರ ಹಾಕಬಾರದು. ಆ ವರ್ಷದ ಮರಿಗೆ 150–200 ಕಿ.ಮೀ. ಸಾಕು, ವರ್ಷ ತುಂಬಿದ್ದಕ್ಕೆ 300ರಿಂದ 500. ಅದಕ್ಕಿಂತ ದೂರಕ್ಕೆ ಎರಡು ವರ್ಷ ದಾಟಿದ ಅನುಭವಿಗಳೇ ಬೇಕು. ಮುಂಬಯಿ ನಮಗೆ ನೇರ ದೂರದಲ್ಲಿ 660 ಕಿಲೋಮೀಟರಿನ ಆಸುಪಾಸು. ಪಾರಿವಾಳ ಸಾಮಾನ್ಯವಾಗಿ ಕತ್ತಲಲ್ಲಿ ಹಾರುವುದಿಲ್ಲವಾದ್ದರಿಂದ ಒಳ್ಳೆಯ ಹಕ್ಕಿಗೂ ಅದು ಪೂರ್ತಿ ಒಂದು ಹಗಲಿನ, ಗಾಳಿ ಎದುರಾದರೆ ಎರಡು ಹಗಲಿನ ದಾರಿ. ಬಂದ ಹಕ್ಕಿಗೆ ಮೊದಲು ಓಆರ್‌ಎಸ್ ಕಲಸಿದ ನೀರು, ಹಗುರ ಕಾಳು, ಮರುದಿನ ಸ್ನಾನಕ್ಕೆ ಒಂದು ತಟ್ಟೆ ನೀರು.

ಸಮಯ ಹಿಡಿಯುವ ವಿಧಾನ ಎರಡು. ಹಳೆಯದರಲ್ಲಿ ಹಕ್ಕಿಯ ಕಾಲಿನ ರಬ್ಬರ್ ರಿಂಗ್ ಬಿಚ್ಚಿ, ಸೀಲು ಮಾಡಿದ ಗಡಿಯಾರದ ಪೆಟ್ಟಿಗೆಗೆ ಹಾಕಿ ಒತ್ತಬೇಕು. ಹೊಸದರಲ್ಲಿ ರಿಂಗಿನಲ್ಲೇ ಚಿಪ್ ಇರುತ್ತದೆ. ಟ್ರ್ಯಾಪಿನ ಹಲಗೆ ತುಳಿದ ಕ್ಷಣ ತಾನೇ ದಾಖಲಾಗುತ್ತದೆ. ಹಕ್ಕಿಯ ಬೆಲೆಯ ಮಾತಂತೂ ತಲೆ ತಿರುಗಿಸುವಂಥದ್ದು: 2020ರಲ್ಲಿ ಬೆಲ್ಜಿಯಂನ ನ್ಯೂ ಕಿಮ್ ಎಂಬ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು. ನಮ್ಮ ದೇಶದಲ್ಲಿ ಇದೇ ಜಾತಿ ಸರ್ಕಾರಿ ನೌಕರಿಯನ್ನೂ ಮಾಡಿದೆ. ಒಡಿಶಾ ಪೊಲೀಸರು 1946ರಲ್ಲಿ ಸೈನ್ಯದಿಂದ ಹಕ್ಕಿ ಪಡೆದು ಕೋರಾಪುಟ್‌ನಲ್ಲಿ ಪಾರಿವಾಳದ ಅಂಚೆ ಶುರುಮಾಡಿ, ದಶಕಗಳ ಕಾಲ ನಡೆಸಿದರು.

ಖುಷಿಯ ನಡುವೆ ಶ್ವಾಸಕೋಶ ಮರೆಯಬೇಡಿ. ಹಿಕ್ಕೆ, ಗರಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಅಲರ್ಜಿಯಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. ಗೂಡು ಗುಡಿಸುವಾಗ ಮಾಸ್ಕ್ ಹಾಕಿ, ಮೊದಲು ಸ್ವಲ್ಪ ನೀರು ಚಿಮುಕಿಸಿ. ಮಳೆ ಮುಗಿಯುವ ಹೊತ್ತಿಗೆ ಸೊಳ್ಳೆಯಿಂದ ಹಕ್ಕಿಗಳಿಗೆ ಸಿಡುಬು ಹರಡುತ್ತದೆ. ಕತ್ತು ತಿರುಚಿಕೊಂಡು ಗಿರಕಿ ಹೊಡೆಯುವ ಹಕ್ಕಿ ಕಂಡರೆ ಕೂಡಲೇ ಬೇರೆ ಇಟ್ಟು ಪಶುವೈದ್ಯರನ್ನು ಕರೆಯಬೇಕು.

ಇನ್ನು, ಸಾಕದವರಿಗೂ ಎಂದಾದರೂ ಉಪಯೋಗಕ್ಕೆ ಬರುವ ಮಾತು. ಕಾಲಿಗೆ ರಿಂಗ್ ಇರುವ ಪಾರಿವಾಳ ದಣಿದು ನಿಮ್ಮ ಅಂಗಳಕ್ಕೋ ದೋಣಿಗೋ ಇಳಿದರೆ ಗೂಢಚಾರ ಎಂದು ಹುಯಿಲೆಬ್ಬಿಸಬೇಡಿ. 2023ರ ಮೇ ತಿಂಗಳಲ್ಲಿ ಮುಂಬಯಿಯ ಬಂದರಿನ ಬಳಿ ಹೀಗೆ ಸಿಕ್ಕ ಹಕ್ಕಿಯೊಂದು ಎಂಟು ತಿಂಗಳು ಪಶು ಆಸ್ಪತ್ರೆಯಲ್ಲಿ ಸೆರೆಯಿತ್ತು. ಅದು ತೈವಾನಿನ ರೇಸ್ ಹಕ್ಕಿ ಎಂದು ತಿಳಿದು 2024ರ ಜನವರಿ ಕೊನೆಗೆ ಬಿಟ್ಟರು. ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ನೀರು, ಒಂದು ಹಿಡಿ ಹೆಸರುಕಾಳು ಅಥವಾ ಬೆಳ್ತಿಗೆ ಅಕ್ಕಿ ಇಟ್ಟು ರಾತ್ರಿ ಬೆಕ್ಕಿಗೆ ಸಿಗದಂತೆ ಕಾಪಾಡಿ. ಅನ್ನ, ಬ್ರೆಡ್ ಬೇಡ. ರಿಂಗಿನ ಅಕ್ಷರ, ಇಸವಿ, ಸಂಖ್ಯೆಯ ಫೋಟೊ ತೆಗೆದಿಡಿ. ಮರುದಿನ ಬಿಸಿಲೇರಿದ ಮೇಲೆ ತೆರೆದ ಜಾಗದಲ್ಲಿ ಪೆಟ್ಟಿಗೆ ಬಿಚ್ಚಿದರೆ ಹೆಚ್ಚಿನವು ಹೋಗುತ್ತವೆ. ಎರಡು ಮೂರು ದಿನವಾದರೂ ಹೋಗದೆ ನಿಮ್ಮ ಮಾಡನ್ನೇ ಹಿಡಿದು ಕೂತರೆ ಹತ್ತಿರದ ಪಾರಿವಾಳ ಸಾಕುವವರಿಗೆ ಆ ಫೋಟೊ ಕಳುಹಿಸಿ. ರಿಂಗ್ ನೋಡಿ ಯಾವ ಕ್ಲಬ್ಬಿನದ್ದೆಂದು ಪತ್ತೆ ಮಾಡುವ ದಾರಿ ಅವರಿಗೆ ಗೊತ್ತಿರುತ್ತದೆ.